ಘಟ್ಟದ ಗೆರೆ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟ ಬಸ್ಸಿನಲ್ಲಿ ಟಿಕೆಟ್ ಹರಿದುಕೊಟ್ಟ ಕಂಡಕ್ಟರನ್ನು ಕೇಳಿದೆ: "ಮಲೆನಾಡು ಎಲ್ಲಿಂದ ಶುರುವಾಗುತ್ತೆ?"

ಜುಲೈ ತಿಂಗಳು. ಕಿಟಕಿಯ ಸಂದಿನಿಂದ ಇರಚಲು ಹೊಡೆಯುತ್ತಿತ್ತು. "ಗಾಜನೂರು ದಾಟಿದ್ರೆ ಮಲೆನಾಡೇ ಅಲ್ವಾ ಸರ್" ಎಂದರು ಕಂಡಕ್ಟರ್. ಎದುರು ಸೀಟಿನಲ್ಲಿದ್ದ ಕಾಲೇಜು ಹುಡುಗ ತಿರುಗಿ, "ಶಿವಮೊಗ್ಗಾನೇ ಮಲೆನಾಡು. ಹೆಬ್ಬಾಗಿಲು ಅಂತ ಬೋರ್ಡೇ ಇದೆಯಲ್ಲ" ಎಂದ. ಪಕ್ಕದಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಜ್ಜಿಗೆ ಅದು ಒಪ್ಪಿಗೆಯಾಗಲಿಲ್ಲ. "ಹೆಬ್ಬಾಗಿಲಿಗೆ ಬಂದ್ರೆ ಊಟದ ಮನೆಗೆ ಬಂದ ಹಾಗಾಯ್ತನಾ ತಮ್ಮಾ? ಮಂಡಗದ್ದೆ ದಾಟ್ಲಿ. ಆಮೇಲೆ ಮಲೆನಾಡು ಅನ್ನು."

ಮೂವರೂ ಅದೇ ರಸ್ತೆಯಲ್ಲಿ ದಿನಾ ಓಡಾಡುವವರು. ಮೂವರಿಗೂ ಮಲೆನಾಡು ಅಂದರೆ ಏನೆಂದು ಚೆನ್ನಾಗಿ ಗೊತ್ತು. ಆದರೂ ಅವರು ತೋರಿಸಿದ ಗೆರೆಗಳ ನಡುವೆ ಮೂವತ್ತು ಕಿಲೋಮೀಟರಿನ ಅಂತರ. ಈ ಅಧ್ಯಾಯ ಆ ಅಂತರದ ಬಗ್ಗೆ. ಬಸ್ಸಿನಲ್ಲಿ ಅದು ಹೊತ್ತು ಕಳೆಯುವ ಮಾತು. ಅದೇ ಪ್ರಶ್ನೆ ದೆಹಲಿಯ ಮೇಜಿನ ಮೇಲೆ ಬಂದು, "ಪಶ್ಚಿಮ ಘಟ್ಟ ಅಂದರೆ ಎಲ್ಲಿಂದ ಎಲ್ಲಿಯವರೆಗೆ?" ಎಂಬ ರೂಪ ತಾಳಿದಾಗ ಉತ್ತರದಲ್ಲಿ ಸಾವಿರಾರು ಹಳ್ಳಿಗಳ ಬದುಕು ಸಿಕ್ಕಿಕೊಳ್ಳುತ್ತದೆ.

ಎರಡು ಅಂಕಿಗಳನ್ನು ನೋಡಿ. ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ 2011ರಲ್ಲಿ ಕೇಂದ್ರ ಸರ್ಕಾರಕ್ಕೆ ಕೊಟ್ಟ ವರದಿಯ ಪ್ರಕಾರ ಪಶ್ಚಿಮ ಘಟ್ಟದ ವಿಸ್ತೀರ್ಣ 1,29,037 ಚದರ ಕಿ.ಮೀ. ಅದನ್ನು ಪರಿಶೀಲಿಸಲೆಂದು ನೇಮಕವಾದ ಕೆ. ಕಸ್ತೂರಿರಂಗನ್ ನೇತೃತ್ವದ ಕಾರ್ಯತಂಡ 2013ರಲ್ಲಿ ಕೊಟ್ಟ ವರದಿಯಲ್ಲಿ ಅದೇ ಪಶ್ಚಿಮ ಘಟ್ಟ 1,64,280 ಚದರ ಕಿ.ಮೀ. ವ್ಯತ್ಯಾಸ 35,243. ಇಡೀ ಶಿವಮೊಗ್ಗ ಜಿಲ್ಲೆಯಂಥ ನಾಲ್ಕು ಜಿಲ್ಲೆಗಳನ್ನು ಒಳಗಿಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಎರಡು ವರ್ಷದಲ್ಲಿ ಬೆಟ್ಟ ಬೆಳೆದಿಲ್ಲ. ಅಳತೆಯಲ್ಲಿ ಯಾರೂ ತಪ್ಪು ಮಾಡಿಲ್ಲ. ಇಬ್ಬರ ಕೈಯಲ್ಲಿದ್ದ ಅಳತೆಗೋಲು ಬೇರೆ, ಅಷ್ಟೆ.

ಎತ್ತರದಿಂದಲೇ ಶುರು ಮಾಡೋಣ. ಬೆಟ್ಟವನ್ನು ಎತ್ತರದಿಂದ ಗುರುತಿಸದೆ ಇನ್ಯಾವುದರಿಂದ ಗುರುತಿಸುವುದು ಎಂದು ಯಾರಿಗಾದರೂ ಅನಿಸುತ್ತದೆ. ನಮ್ಮ ಬಸ್ಸು ಹೊರಟ ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ತೀರ್ಥಹಳ್ಳಿ ಸುಮಾರು 590. ಅಲ್ಲಿಂದ ಮುಂದೆ ಆಗುಂಬೆ ಸುಮಾರು 640. ಅಂದರೆ ಸರಿಸುಮಾರು ನೂರು ಕಿಲೋಮೀಟರ್ ದಾರಿಯಲ್ಲಿ ನಾವು ಏರಿದ್ದು ಎಪ್ಪತ್ತೇ ಮೀಟರ್. ಆದರೆ ಅದೇ ದಾರಿಯಲ್ಲಿ ವರ್ಷದ ಮಳೆ ಸಾವಿರ ಮಿಲಿಮೀಟರಿನ ಆಸುಪಾಸಿನಿಂದ ಏಳು ಸಾವಿರದ ಮೇಲಕ್ಕೆ ಹೋಗುತ್ತದೆ. ಜೋಳ, ಮೆಕ್ಕೆಜೋಳದ ಹೊಲ ಹಿಂದುಳಿದು ಅಡಿಕೆ ತೋಟ ಬರುತ್ತದೆ. ಮನೆಯ ಸೂರು ಕಡಿದಾಗುತ್ತದೆ, ಅಂಗಳಕ್ಕೆ ಅಡಿಕೆ ದಬ್ಬೆಯ ಚಪ್ಪರ ಬರುತ್ತದೆ, ಮಳೆ ಹೊಡೆಯುವ ಕಡೆಯ ಗೋಡೆಗೆ ಸೋಗೆಯ ತಟ್ಟಿ ಬರುತ್ತದೆ. ಕಣ್ಣಿಗೆ ಇಷ್ಟೆಲ್ಲ ಬದಲಾದರೂ ಎತ್ತರದ ಮಾಪಕಕ್ಕೆ ಏನೂ ಆಗಿಲ್ಲ. ಎತ್ತರವೊಂದೇ ಲೆಕ್ಕ ಅಂದರೆ 900 ಮೀಟರಿನ ಮೇಲಿರುವ ಬೆಂಗಳೂರು ಆಗುಂಬೆಗಿಂತ ದೊಡ್ಡ ಬೆಟ್ಟದೂರು!

ಇದಕ್ಕೆ ಕಾರಣ ಪಶ್ಚಿಮ ಘಟ್ಟ ಹಿಮಾಲಯದಂಥ ಪರ್ವತವಲ್ಲ ಎಂಬುದು. ಹಿಮಾಲಯದಲ್ಲಿ ಎರಡು ಭೂಫಲಕಗಳು ಡಿಕ್ಕಿ ಹೊಡೆದು ನೆಲ ಮಡಿಚಿಕೊಂಡು ಮೇಲೆದ್ದಿದೆ. ಇಲ್ಲಿ ಹಾಗಾಗಿಲ್ಲ. ಭಾರತದ ಪಶ್ಚಿಮದ ಅಂಚು ಮಡಗಾಸ್ಕರ್ ಕಡೆಯಿಂದ ಕಳಚಿಕೊಂಡು ಬಂದ ಅಂಚು. ಆಮೇಲೆ ಸೇಶಲ್ಸ್ ಕೂಡ ಬೇರ್ಪಟ್ಟಿತು. ದಖ್ಖನ್ ಪ್ರಸ್ಥಭೂಮಿ ಪೂರ್ವಕ್ಕೆ ಓರೆಯಾಗಿ, ಪಶ್ಚಿಮದಲ್ಲಿ ಎತ್ತಿದ ಅಂಚಿನಂತೆ ನಿಂತಿದೆ. ಆ ಅಂಚನ್ನು ಮಳೆ, ಹೊಳೆಗಳು ಕೋಟ್ಯಂತರ ವರ್ಷ ಕೊರೆದು ಕಡಿದಾಗಿಸಿವೆ. ಉಡುಪಿಯ ಕಡೆಯಿಂದ ಬಂದವರಿಗೆ ಸೋಮೇಶ್ವರದಲ್ಲಿ ಎದುರಿಗೆ ಗೋಡೆ ಕಾಣುತ್ತದೆ. ಶಿವಮೊಗ್ಗದ ಕಡೆಯಿಂದ ಬಂದವರಿಗೆ ಆಗುಂಬೆಯಲ್ಲಿ ನೆಲ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ.

ಕನ್ನಡಕ್ಕೆ ಇದು ಮೊದಲಿನಿಂದ ಗೊತ್ತು. ಶಿವಮೊಗ್ಗದಿಂದ ಉಡುಪಿಗೆ ಹೋಗುವವರು "ಘಟ್ಟ ಇಳಿಯುತ್ತೇವೆ" ಎನ್ನುತ್ತಾರೆ. ವಾಪಸು ಬರುವಾಗ "ಘಟ್ಟ ಹತ್ತುತ್ತೇವೆ". ಶಿವಮೊಗ್ಗದಿಂದ ಘಟ್ಟ ಹತ್ತಿ ಆಗುಂಬೆಗೆ ಹೋದೆ ಎಂದು ಯಾರ ಬಾಯಲ್ಲೂ ಕೇಳಿಲ್ಲ. "ಘಟ್ಟದ ಮೇಲೆ", "ಘಟ್ಟದ ಕೆಳಗೆ" ಎನ್ನುವ ನಮ್ಮ ಮಾತಿನಲ್ಲಿ ಘಟ್ಟ ಅಂದರೆ ಒಂದು ಮೆಟ್ಟಿಲು. ಎರಡೂ ಕಡೆ ಇಳಿಜಾರಿರುವ ಬೆಟ್ಟದ ಸಾಲಿಗೆ ನಾವು ಆ ಮಾತು ಬಳಸುವುದಿಲ್ಲ. ಭೂವಿಜ್ಞಾನಿಗಳು ಪ್ರಪಾತದಂಚು ಎಂದು ಹೇಳುವುದನ್ನು ಈ ಎರಡು ಕ್ರಿಯಾಪದಗಳೇ ಹೇಳಿಬಿಡುತ್ತವೆ. ಯುರೋಪಿನವರು ಏರಿಳಿಯುವ ದಾರಿಗಿದ್ದ ಈ ಹೆಸರನ್ನೇ ತೆಗೆದು ಇಡೀ ಪರ್ವತಸಾಲಿಗೆ ಇಟ್ಟರು. ಹಾಗಾಗಿ ಇವತ್ತು ನಾವು ಹುಡುಕುತ್ತಿರುವುದು ಒಂದು ಮೆಟ್ಟಿಲಿನ ಹಿಂದಿನ ಗಡಿಯನ್ನು. ಮೆಟ್ಟಿಲಿನ ಮುಂದಿನ ಅಂಚು ಎಲ್ಲರಿಗೂ ಕಾಣುತ್ತದೆ. ಮೇಲಿನ ಹಾಸು ಹಿಂದಕ್ಕೆ ಎಷ್ಟು ದೂರ ಹೋದರೆ ಮೆಟ್ಟಿಲು ಮುಗಿದು ಜಗುಲಿ ಶುರುವಾಯಿತು? ಪಶ್ಚಿಮ ಘಟ್ಟದ ಪೂರ್ವದ ಗಡಿಯ ಬಗ್ಗೆ ಇರುವ ತಕರಾರೆಲ್ಲ ಅಲ್ಲಿಂದ ಬಂದದ್ದು.

ಮುಂದಿನ ಅಂಚು ಕೂಡ ಎಲ್ಲ ಕಡೆ ಆಗುಂಬೆಯಷ್ಟು ನೆಟ್ಟಗಿಲ್ಲ. ಶರಾವತಿಯಿಂದ ಕಾಳಿಯವರೆಗೆ ಉತ್ತರ ಕನ್ನಡದಲ್ಲಿ ಘಟ್ಟ ತಗ್ಗಾಗಿ, ಅಗಲವಾಗಿ, ಹರಕು ಹರಕಾಗಿ ಹರಡಿಕೊಂಡಿದೆ. ಕಾರವಾರದಲ್ಲಂತೂ ಗುಡ್ಡಗಳು ಕಡಲಿಗೇ ಕಾಲು ಚಾಚಿವೆ.

ನೀರನ್ನು ಕೇಳಿ ನೋಡೋಣ. ಸಕಲೇಶಪುರ ತಾಲ್ಲೂಕಿನ ಬಿಸಿಲೆ ಬಳಿ ಏಣಿನ ಮೇಲೆ ಒಂದು ಕಲ್ಲಿದೆ. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ ಎಂದು ಅದರ ಮೇಲೆ ಕೆತ್ತಲಾಗಿದೆ. ಈಚೆ ಬಿದ್ದ ಹನಿ ಹೇಮಾವತಿ ಸೇರಿ ಕಾವೇರಿಗೆ, ಆಚೆ ಬಿದ್ದ ಹನಿ ಕುಮಾರಧಾರೆಗೆ. ಇದಕ್ಕಿಂತ ಖಚಿತವಾದ ಗಡಿ ಇನ್ನೇನು ಬೇಕು ಎಂದು ಆ ಕಲ್ಲಿನ ಮುಂದೆ ನಿಂತವರಿಗೆ ಅನಿಸುತ್ತದೆ. ಆದರೆ ನೀರಿನ ಗೆರೆಯನ್ನು ಹಿಡಿದು ಉತ್ತರಕ್ಕೆ ನಡೆದರೆ ಅದು ಘಟ್ಟದ ಅಂಚನ್ನು ಬಿಟ್ಟು ಒಳನಾಡಿಗೆ ನುಗ್ಗುತ್ತದೆ. ತೀರ್ಥಹಳ್ಳಿ ಪೇಟೆಯ ಮಗ್ಗುಲಲ್ಲಿ ಹರಿಯುವ ತುಂಗೆ ಪೂರ್ವಕ್ಕೆ ಹೋಗುತ್ತಾಳೆ. ಅದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಘಟ್ಟದ ಮೇಲಿನ ನಾಡಿನಲ್ಲೇ ವಾಯವ್ಯಕ್ಕೆ ಹರಿದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಶಾಲ್ಮಲೆಯದು ಇನ್ನೂ ದೊಡ್ಡ ಸೋಜಿಗ. ಅದು ಹುಟ್ಟುವುದು ಧಾರವಾಡದ ಮಗ್ಗುಲಲ್ಲಿ. ಬೇಡ್ತಿಯಾಗಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರ ಮುಟ್ಟುತ್ತದೆ. ನೀರು ಪಶ್ಚಿಮಕ್ಕೆ ಹರಿಯುವ ನೆಲವೆಲ್ಲ ಪಶ್ಚಿಮ ಘಟ್ಟ ಎಂದು ತೀರ್ಮಾನಿಸಿದರೆ ಧಾರವಾಡದ ಒಂದು ಪಾಲು ಒಳಗೆ ಬರುತ್ತದೆ, ತುಂಗೆಯ ದಡದ ತೀರ್ಥಹಳ್ಳಿ ಹೊರಗೆ ಹೋಗುತ್ತದೆ. ಬಸ್ಸಿನ ಅಜ್ಜಿ ಇದನ್ನು ಕೇಳಿದ್ದರೆ ಏನನ್ನುತ್ತಿದ್ದರೋ!

ಇನ್ನು ಜೀವಿಗಳು. ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಸ್ಯವಿಜ್ಞಾನಿ ಜೆ. ಪಿ. ಪಾಸ್ಕಲ್ 1980ರ ದಶಕದಲ್ಲಿ ಘಟ್ಟದ ಕಾಡುಗಳ ನಕ್ಷೆ ತಯಾರಿಸುತ್ತ ಒಂದು ಮುಖ್ಯ ಸಂಗತಿಯನ್ನು ಎತ್ತಿ ತೋರಿಸಿದರು. ನಿತ್ಯಹರಿದ್ವರ್ಣದ ಮರಗಳಿಗೆ ಒಟ್ಟು ಮಳೆ ಎಷ್ಟು ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಮಳೆಯಿಲ್ಲದ ತಿಂಗಳು ಎಷ್ಟು ಎಂಬುದು ಮುಖ್ಯ. ದಕ್ಷಿಣ ತುದಿಯಲ್ಲಿ ಒಣ ಕಾಲ ಎರಡು ಮೂರು ತಿಂಗಳಷ್ಟೇ. ಉತ್ತರಕ್ಕೆ ಹೋದಂತೆ ಅದು ಏಳೆಂಟು ತಿಂಗಳಿಗೆ ಏರುತ್ತದೆ. ಹಾಗಾಗಿ ಒಂದೊಂದು ಜೀವಿಯ ಪಶ್ಚಿಮ ಘಟ್ಟ ಒಂದೊಂದು ಕಡೆ ಮುಗಿಯುತ್ತದೆ. ವರ್ಷವಿಡೀ ಒಂದಲ್ಲ ಒಂದು ಹಣ್ಣು ಸಿಗುವ ಕಾಡು ಬೇಕೆನ್ನುವ ಸಿಂಗಳೀಕದ ಪಾಲಿಗೆ ಘಟ್ಟ ಅಘನಾಶಿನಿ ಕಣಿವೆಯ ಆಸುಪಾಸಿನಲ್ಲೇ ಕೊನೆ. ಅಲ್ಲಿಂದ ತಾಪಿ ನದಿಯವರೆಗೆ ಇನ್ನೂ ನೂರಾರು ಕಿಲೋಮೀಟರ್ ಘಟ್ಟವಿದೆ, ಸಿಂಗಳೀಕವಿಲ್ಲ.

ಹೊರಗಿನ ಗಡಿಯಷ್ಟೇ ಅಲ್ಲ, ಒಳಗೂ ಗಡಿಗಳಿವೆ. ಕೇರಳದ ಪಾಲಕ್ಕಾಡಿನಲ್ಲಿ ಘಟ್ಟ ಸುಮಾರು 30 ಕಿ.ಮೀ. ಅಗಲಕ್ಕೆ ಬಾಯಿ ತೆರೆದಿದೆ. ರೈಲಿನಲ್ಲಿ ಹೋಗುವ ನಮಗೆ ಅದು ಒಂದು ಸಲೀಸಾದ ದಾರಿ. ಬೆಟ್ಟದ ನೆತ್ತಿಯ ಶೋಲಾ ಕಾಡನ್ನು ಬಿಟ್ಟು ಕೆಳಗಿಳಿಯದ ಪುಟ್ಟ ಹಕ್ಕಿಗೆ ಅದು ಸಮುದ್ರ. ಶೋಲಾದ ನೀಲಿ ರಾಬಿನ್ ಹಕ್ಕಿಗಳಲ್ಲಿ ಕಣಿವೆಯ ಉತ್ತರಕ್ಕೆ ಒಂದು ಪ್ರಭೇದ, ದಕ್ಷಿಣಕ್ಕೆ ಇನ್ನೊಂದು. ವಿ. ವಿ. ರಾಬಿನ್ ಮತ್ತು ಸಂಗಡಿಗರು ಡಿಎನ್ಎ ಪರೀಕ್ಷೆಯಿಂದ ಈ ಹಕ್ಕಿಗಳು ಬೇರೆಲ್ಲೂ ಇಲ್ಲದ ಕುಲ ಎಂದು ತೋರಿಸಿ, 2017ರಲ್ಲಿ ಶೋಲಿಕೋಲ ಎಂಬ ಹೊಸ ಹೆಸರಿಟ್ಟರು. ಆ ಹಕ್ಕಿಯ ಕಡೆಯಿಂದ ನೋಡಿದರೆ ಪಶ್ಚಿಮ ಘಟ್ಟ ಒಂದು ಪ್ರದೇಶವೇ ಅಲ್ಲ, ಮೋಡದ ನಡುವಿನ ದ್ವೀಪಗಳ ಸಾಲು. ನೀಲಗಿರಿಯಿಂದ ಬಿಳಿಗಿರಿರಂಗನ ಬೆಟ್ಟದ ಕಡೆ ತಿರುಗಿದರೆ ಇನ್ನೊಂದು ತೊಡಕು. ಅಲ್ಲಿ ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟ ಕೈ ಕೈ ಹಿಡಿದುಕೊಂಡಿವೆ. ಒಂದರ ಬೆರಳು ಎಲ್ಲಿ ಮುಗಿಯಿತು, ಇನ್ನೊಂದರದು ಎಲ್ಲಿ ಶುರುವಾಯಿತು ಎಂದು ಆನೆಗಳನ್ನು ಕೇಳಿದರೆ ಅವು ಎರಡನ್ನೂ ಒಂದೇ ಎಂದುಕೊಂಡು ಓಡಾಡುತ್ತಿವೆ.

ಹೀಗೆ ಕಲ್ಲು, ನೀರು, ಮಳೆ, ಮರ, ಕೋತಿ, ಹಕ್ಕಿ ಎಲ್ಲವೂ ಬೇರೆ ಬೇರೆ ಗೆರೆ ತೋರಿಸುವಾಗ ಎರಡು ಸಮಿತಿಗಳು ಏನು ಮಾಡಿದವು?

ಗಾಡ್ಗೀಳ್ ಸಮಿತಿ ಎತ್ತರ ಮತ್ತು ಕಾಡು ಎರಡನ್ನೂ ಜೋಡಿಸಿತು. ಪೂರ್ವದಲ್ಲಿ 500 ಮೀಟರಿಗಿಂತ ಮೇಲಿರುವ ಕಾಡು, ಪಶ್ಚಿಮದಲ್ಲಿ 150 ಮೀಟರಿಗಿಂತ ಮೇಲಿರುವ ಕಾಡು, ಇವೇ ಅದರ ಅಂಚು. ಕಾಡು ನೇರ ಕಡಲಿಗೇ ಇಳಿದಿರುವ ಕಡೆ ಕಡಲ ತಡಿಯೇ ಗಡಿ. ಹೀಗೆ ತಾಪಿ ಕಣಿವೆಯಿಂದ ಕನ್ಯಾಕುಮಾರಿಯವರೆಗೆ 1,490 ಕಿ.ಮೀ. ಉದ್ದ, ಮಹಾರಾಷ್ಟ್ರದಲ್ಲಿ ಕನಿಷ್ಠ 48 ಕಿ.ಮೀ., ತಮಿಳುನಾಡಿನಲ್ಲಿ ಗರಿಷ್ಠ 210 ಕಿ.ಮೀ. ಅಗಲದ ಒಂದು ಪಟ್ಟಿ ಸಿಕ್ಕಿತು. ಇದು ಪರಿಸರ ವಿಜ್ಞಾನಿಯ ಗೆರೆ. ಜೀವ ಎಲ್ಲಿ ಹೆಚ್ಚಿದೆಯೋ ಅಲ್ಲಿಗೆ ಹೋಗುತ್ತದೆ. ಆದರೆ ಕಾಡನ್ನೇ ಅಳತೆಗೋಲು ಮಾಡಿದರೆ, ಕಾಡು ಕಡಿದು ಬಯಲಾದ ಜಾಗ ತಾನಾಗಿ ಘಟ್ಟದಿಂದ ಹೊರಬೀಳುವ ಅಪಾಯವೂ ಇದೆ. ಮರಗಳೇ ಇಲ್ಲದ, ಮಳೆಗಾಲದಲ್ಲಿ ಹೂವಿನ ಹಾಸಾಗುವ ಮಹಾರಾಷ್ಟ್ರದ ಕಾಸ್‌ನಂಥ ಜಂಬಿಟ್ಟಿಗೆಯ ಬಯಲುಗಳನ್ನೂ ಈ ಕೋಲು ಸರಿಯಾಗಿ ಅಳೆಯಲಾರದು. ಕಾಸ್ ಇವತ್ತು ವಿಶ್ವ ಪರಂಪರೆಯ ತಾಣ. 2012ರಲ್ಲಿ ಯುನೆಸ್ಕೋ ಆರಿಸಿದ ಘಟ್ಟದ 39 ತಾಣಗಳಲ್ಲಿ ಅದೂ ಒಂದು.

ಕಸ್ತೂರಿರಂಗನ್ ತಂಡ ಹಿಡಿದದ್ದು ಆಡಳಿತಗಾರನ ಗೆರೆ. 1970ರ ದಶಕದ ನಡುವಿನಲ್ಲಿ ಯೋಜನಾ ಆಯೋಗ ಪಶ್ಚಿಮ ಘಟ್ಟ ಅಭಿವೃದ್ಧಿ ಕಾರ್ಯಕ್ರಮ ಶುರು ಮಾಡಿತ್ತು. ಯಾವ ತಾಲ್ಲೂಕಿಗೆ ಹಣ ಕೊಡಬೇಕು ಎಂದು ನಿರ್ಧರಿಸಲು ಅದಕ್ಕೆ ಒಂದು ಸೂತ್ರ ಬೇಕಿತ್ತು. ತಾಲ್ಲೂಕಿನ ಶೇ. 20ರಷ್ಟು ನೆಲವಾದರೂ 600 ಮೀಟರಿನ ಮೇಲಿರಬೇಕು, ಮತ್ತು ಘಟ್ಟದ ಇತರ ತಾಲ್ಲೂಕುಗಳಿಗೆ ಅಂಟಿಕೊಂಡಿರಬೇಕು. ಆ ದಾರಿಯಲ್ಲಿ 188 ತಾಲ್ಲೂಕುಗಳು, ಇಡಿಯಿಡಿಯಾಗಿ, ಪಶ್ಚಿಮ ಘಟ್ಟವಾದವು. ರಸ್ತೆ, ತೋಡು, ತೋಟಗಾರಿಕೆಗೆ ಹಣ ಹಂಚಲು ಎಳೆದ ಗೆರೆಯೇ ನಲವತ್ತು ವರ್ಷದ ಮೇಲೆ ಗಣಿ, ಕಲ್ಲುಕ್ವಾರಿ ನಿಷೇಧಿಸಬೇಕಾದ ಪ್ರದೇಶದ ಹೊರಚೌಕಟ್ಟಾಯಿತು. ಹಣ ಬರುವಾಗ ಗೆರೆಯೊಳಗಿರಲು ಎಲ್ಲರಿಗೂ ಇಷ್ಟ. ನಮ್ಮ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿ 13 ಜಿಲ್ಲೆಗಳಿಗೆ ಹಬ್ಬಿದೆ, ತಮ್ಮನ್ನು ಮಲೆನಾಡಿನಿಂದ ಕೈಬಿಡಿ ಎಂದು ಅಲ್ಲಿ ಯಾರೂ ಧರಣಿ ಕೂತಿಲ್ಲ. ನಿರ್ಬಂಧ ಬರುತ್ತದೆ ಎಂದಾಗ ಅದೇ ಊರುಗಳಲ್ಲಿ ಗೆರೆಯಿಂದ ಹೊರಗಿಡಿ ಎಂಬ ಕೂಗು ಏಳುತ್ತದೆ. ಇದು ಕಪಟವಲ್ಲ. ಗೆರೆ ಯಾವ ಉದ್ದೇಶಕ್ಕೆ ಎಂಬುದು ಬದಲಾದಾಗ ಗೆರೆಯ ಅರ್ಥವೇ ಬದಲಾಗುತ್ತದೆ.

ಎತ್ತರದ ಅಂಕಿಯೂ ನಾವಂದುಕೊಂಡಷ್ಟು ಗಟ್ಟಿಯಲ್ಲ. ಇವತ್ತು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎತ್ತರದ ನಕ್ಷೆಗಳಲ್ಲೊಂದು ತಯಾರಾದದ್ದು 2000ದ ಫೆಬ್ರವರಿಯಲ್ಲಿ, ಅಮೆರಿಕದ ಬಾಹ್ಯಾಕಾಶ ನೌಕೆ 11 ದಿನಗಳ ಹಾರಾಟದಲ್ಲಿ ರಾಡಾರ್ ಬೀರಿ ಪಡೆದ ಮಾಹಿತಿಯಿಂದ. ಆ ರಾಡಾರ್ ಅಲೆ ದಟ್ಟ ಕಾಡಿನಲ್ಲಿ ನೆಲದವರೆಗೆ ಇಳಿಯುವುದಿಲ್ಲ. ಎಲೆ, ಕೊಂಬೆಗಳಿಗೆ ತಾಗಿಯೇ ಹಿಂದಿರುಗುತ್ತದೆ. ಹಾಗಾಗಿ ನೆಲಕ್ಕೂ ಮರದ ನೆತ್ತಿಗೂ ನಡುವಿನ ಯಾವುದೋ ಒಂದು ಎತ್ತರ ದಾಖಲಾಗುತ್ತದೆ. 590 ಮೀಟರಿನ ನೆಲದ ಮೇಲೆ 30 ಮೀಟರಿನ ಕಾಡು ನಿಂತಿದ್ದರೆ ಆ ಜಾಗ 600ರ ಗೆರೆ ದಾಟಿಬಿಡಬಹುದು.

ಈಗ ಒಂದು ಲೆಕ್ಕ ಹೇಳುತ್ತೇನೆ. ಈ ಅಧ್ಯಾಯದ ತಿರುಳು ಅದರಲ್ಲಿದೆ.

ಕಸ್ತೂರಿರಂಗನ್ ತಂಡ ಉಪಗ್ರಹದ ಚಿತ್ರ ಬಳಸಿತು. ಆ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 24 ಮೀಟರ್ ಉದ್ದ, 24 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಐದೂವರೆ ಗುಂಟೆಗಿಂತ ಸ್ವಲ್ಪ ಜಾಸ್ತಿ. ಒಂದು ಅಡಿಕೆ ತೋಟದ ಮೂಲೆಯನ್ನೂ ಗುರುತಿಸುವಷ್ಟು ಸೂಕ್ಷ್ಮ. ಗಾಡ್ಗೀಳ್ ಸಮಿತಿ ಬಳಸಿದ ಚೌಕ ಸುಮಾರು 9 ಕಿ.ಮೀ. ಉದ್ದ, 9 ಕಿ.ಮೀ. ಅಗಲ, ಅಂದರೆ ಇಪ್ಪತ್ತು ಸಾವಿರ ಎಕರೆ. ಒಂದೇ ಚೌಕದಲ್ಲಿ ಪೇಟೆ, ಕಾಡು, ತೋಟ, ಹೊಳೆ ಎಲ್ಲ ಇರಬಹುದು. ಹಾಗಾದರೆ ಕಸ್ತೂರಿರಂಗನ್ ತಂಡದ್ದು ಸ್ಪಷ್ಟವಾಗಿ ಮೇಲು ಅನಿಸುತ್ತದೆ. ಆದರೆ ಅವರು ಆ ಸೂಕ್ಷ್ಮ ಚುಕ್ಕಿಗಳನ್ನು ಕೊನೆಗೆ ಹಳ್ಳಿಯ ಲೆಕ್ಕಕ್ಕೆ ತಂದರು. ಕಂದಾಯ ಗ್ರಾಮವೊಂದರ ಶೇ. 20 ಅಥವಾ ಹೆಚ್ಚು ನೆಲ ಪರಿಸರ ಸೂಕ್ಷ್ಮ ಎಂದಾದರೆ ಇಡೀ ಗ್ರಾಮ ಪರಿಸರ ಸೂಕ್ಷ್ಮ.

2,000 ಎಕರೆಯ ಒಂದು ಗ್ರಾಮ ಊಹಿಸಿಕೊಳ್ಳಿ. ಅದರಲ್ಲಿ 300 ಎಕರೆ ಕಾಡು. ಶೇ. 15. ಗ್ರಾಮ ಹೊರಗೆ, ಕಾಡೂ ಹೊರಗೆ. ಅದೇ ಗ್ರಾಮವನ್ನು ಹಿಂದೆ ಯಾರೋ ಒಬ್ಬ ಅಮಲ್ದಾರರು ಸಾವಿರ ಸಾವಿರ ಎಕರೆಯ ಎರಡು ಗ್ರಾಮವಾಗಿ ಒಡೆದಿದ್ದರೆ, ಕಾಡೆಲ್ಲ ಒಂದರಲ್ಲೇ ಬಂದಿದ್ದರೆ, ಅಲ್ಲಿ ಶೇ. 30. ಅದು ಒಳಗೆ, ಇನ್ನೊಂದು ಹೊರಗೆ. ಒಡೆಯುವ ಬದಲು ಪಕ್ಕದ ಸಾವಿರ ಎಕರೆಯ, 500 ಎಕರೆ ಕಾಡಿರುವ ಗ್ರಾಮದೊಂದಿಗೆ ಸೇರಿಸಿದ್ದರೆ 3,000ಕ್ಕೆ 800, ಶೇ. 27ರ ಹತ್ತಿರ. ಈಗ ಎಲ್ಲವೂ ಒಳಗೆ. ಒಂದು ಮರವೂ ಕದಲಿಲ್ಲ, ಉತ್ತರ ಮಾತ್ರ ಮೂರು ಬಗೆಯಾಯಿತು. ಭೂಗೋಳಶಾಸ್ತ್ರದಲ್ಲಿ ಇದು ಹೆಸರಾಂತ ಸಮಸ್ಯೆ. ಬ್ರಿಟನ್ನಿನ ಸ್ಟ್ಯಾನ್ ಓಪನ್‌ಶಾ 1984ರಲ್ಲಿ ಇದರ ಮೇಲೆ ಒಂದು ಪ್ರಬಂಧವನ್ನೇ ಪ್ರಕಟಿಸಿದರು. ಲೆಕ್ಕ ಹಾಕುವ ಘಟಕದ ಗಾತ್ರವನ್ನೋ ಆಕಾರವನ್ನೋ ಬದಲಿಸಿದರೆ ಅದೇ ಮಾಹಿತಿಯಿಂದ ಬೇರೆಯೇ ಫಲಿತಾಂಶ ಬರುತ್ತದೆ ಎಂಬುದು ಅದರ ಸಾರ. ಇಲ್ಲಿ ಆ ಘಟಕ ಕಂದಾಯ ಗ್ರಾಮ. ಬಯಲುಸೀಮೆಯಲ್ಲಿ ಮನೆಗಳೆಲ್ಲ ಒತ್ತೊತ್ತಾಗಿ, ಊರ ಸುತ್ತ ಹೊಲ. ಮಲೆನಾಡಿನಲ್ಲಿ ಒಂದು ಕಂದಾಯ ಗ್ರಾಮ ಅಂದರೆ ಗುಡ್ಡ, ಕಣಿವೆಗಳಲ್ಲಿ ಚದುರಿದ ಹತ್ತಾರು ಮಜರೆ, ಒಂಟಿ ಮನೆ. ಕಂದಾಯ ವಸೂಲಿಗೆ ಎಳೆದ ಆ ಗಡಿಗೆ ಕಾಡಿನ ಕಾಳಜಿ ಮೊದಲಿನಿಂದಲೂ ಇರಲಿಲ್ಲ.

ಶೇಕಡಾವಾರಿನಲ್ಲೂ ಇಂಥದೇ ಸಂಗತಿ ಇದೆ. ಗಾಡ್ಗೀಳ್ ಸಮಿತಿ ಇಡೀ ಘಟ್ಟವನ್ನು ಪರಿಸರ ಸೂಕ್ಷ್ಮ ಎಂದು ಕರೆದು ಮೂರು ದರ್ಜೆಗಳಾಗಿ ವಿಂಗಡಿಸಿತು. ಕಸ್ತೂರಿರಂಗನ್ ತಂಡ ಶೇ. 37, ಸುಮಾರು 60,000 ಚದರ ಕಿ.ಮೀ., 4,156 ಗ್ರಾಮಗಳು ಎಂದಿತು. ಕರ್ನಾಟಕದ ಪಾಲು 20,668 ಚದರ ಕಿ.ಮೀ., 1,576 ಗ್ರಾಮಗಳು. ಆ 60,000ವನ್ನು ಗಾಡ್ಗೀಳರ ಚಿಕ್ಕ ಘಟ್ಟದಿಂದ ಭಾಗಿಸಿದರೆ ಶೇ. 46 ದಾಟುತ್ತದೆ. ಎರಡು ನಕ್ಷೆಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲವಾದ್ದರಿಂದ ಇದು ಒರಟು ಲೆಕ್ಕ. ಆದರೂ ಘಟ್ಟವನ್ನು ಹಿಗ್ಗಿಸಿದರೆ ರಕ್ಷಣೆಯ ಶೇಕಡಾವಾರು ಕುಗ್ಗಿದಂತೆ ಕಾಣುತ್ತದೆ ಎಂಬುದನ್ನು ಪತ್ರಿಕೆ ಓದುವವರು ನೆನಪಿಡಬೇಕು. ಯಾರಾದರೂ ಶೇಕಡಾ ಇಷ್ಟು ಎಂದರೆ, ಯಾವುದರ ಶೇಕಡಾ ಎಂದು ಕೇಳಬೇಕು.

1965ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಲಾಟ್ಫಿ ಝಾದೆ ಎಂಬ ಗಣಿತಜ್ಞ ಒಂದು ಹೊಸ ಬಗೆಯ ಗಣವನ್ನು ಮುಂದಿಟ್ಟರು. ಶಾಲೆಯಲ್ಲಿ ಕಲಿತ ಗಣದಲ್ಲಿ ಒಂದು ವಸ್ತು ಒಳಗಿರುತ್ತದೆ, ಇಲ್ಲವೇ ಹೊರಗಿರುತ್ತದೆ. ಝಾದೆಯ ಫಝಿ ಸೆಟ್‌ನಲ್ಲಿ, ಅದನ್ನು ಮಸುಕಂಚಿನ ಗಣ ಎನ್ನೋಣ, ಸದಸ್ಯತ್ವಕ್ಕೆ ಸೊನ್ನೆಯಿಂದ ಒಂದರವರೆಗೆ ಎಷ್ಟಾದರೂ ಬೆಲೆ ಇರಬಹುದು. ಆಗುಂಬೆ ಮಲೆನಾಡಿಗೆ 1 ಸೇರಿದ್ದರೆ, ಮಂಡಗದ್ದೆ 0.7, ಶಿವಮೊಗ್ಗ 0.4, ದಾವಣಗೆರೆ 0. (ಈ ಅಂಕಿ ನಾನು ಉದಾಹರಣೆಗೆ ಇಟ್ಟದ್ದು.) ಹೀಗೆಂದಾಗ ಬಸ್ಸಿನ ಮೂವರೂ ಸರಿ. ಕಂಡಕ್ಟರಿಗೆ 0.5 ಸಾಕು, ಅಜ್ಜಿಗೆ 0.7 ಬೇಕು, ಅಷ್ಟೇ ವ್ಯತ್ಯಾಸ. ಈ ಗಣಿತ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಕೃಷಿಕರು ಅರೆಮಲೆನಾಡು ಎಂಬ ಮಾತನ್ನು ಬಳಸುತ್ತಿದ್ದರು. ಮಲೆನಾಡು, ಬಯಲುಸೀಮೆ ಎರಡೂ ಅಲ್ಲದ, ಎರಡೂ ಆದ ಆ ಪಟ್ಟೆಗೆ ಒಂದು ಹೆಸರು ಕೊಟ್ಟು, ಅಲ್ಲಿಗೆ ಯಾವ ಬತ್ತ, ಯಾವ ಮಾವು ಎಂದು ತೀರ್ಮಾನಿಸಿದ್ದರು. ಗೆರೆ ಎಳೆಯಲಾಗದ ಕಡೆ ಅವರು ಪಟ್ಟೆ ಬಳಿದರು.

ಗಾಡ್ಗೀಳ್ ಸಮಿತಿಯ ಮೂರು ದರ್ಜೆಯ ಯೋಚನೆ ಇದಕ್ಕೆ ಹತ್ತಿರದ್ದು. ಒಂದನೇ ದರ್ಜೆಯಲ್ಲಿ ಬಿಗಿ, ಮೂರನೆಯದರಲ್ಲಿ ಸಡಿಲ. ವಿಜ್ಞಾನದ ದೃಷ್ಟಿಯಿಂದ ಅದೇ ನೆಲಕ್ಕೆ ಹೆಚ್ಚು ನಿಷ್ಠವಾದದ್ದು ಎಂದು ನಾನು ನಂಬಿದ್ದೇನೆ. ತಮ್ಮ ಗಡಿಗಳು ತಾತ್ಕಾಲಿಕ, ಗ್ರಾಮಸಭೆಗಳಲ್ಲಿ ಚರ್ಚೆಯಾಗಿಯೇ ಅಂತಿಮವಾಗಬೇಕು ಎಂದೂ ಅದು ಬರೆದಿತ್ತು. ಆ ಚರ್ಚೆ ನಡೆಯಲಿಲ್ಲ. 2011ರ ಆಗಸ್ಟಿನಲ್ಲಿ ಸಲ್ಲಿಕೆಯಾದ ವರದಿ ಜನರ ಕೈಗೆ ಬಂದದ್ದು 2012ರ ಮೇ ತಿಂಗಳಲ್ಲಿ, ಅದೂ ಇಂಗ್ಲಿಷಿನಲ್ಲಿ. ಇಪ್ಪತ್ತು ಸಾವಿರ ಎಕರೆಯ ಚೌಕದಲ್ಲಿ ತನ್ನ ಸರ್ವೆ ನಂಬರ್ ಯಾವ ಬಣ್ಣದಲ್ಲಿದೆ ಎಂದು ಕೇಳಿದ ರೈತನಿಗೆ ಉತ್ತರ ಸಿಗಲಿಲ್ಲ. ಉತ್ತರವಿಲ್ಲದ ಕಡೆ ಗಾಳಿಮಾತು ತುಂಬಿಕೊಂಡಿತು. ಮನೆ ಬಿಡಿಸುತ್ತಾರಂತೆ, ತೋಟಕ್ಕೆ ಗೊಬ್ಬರ ಹಾಕುವ ಹಾಗಿಲ್ಲವಂತೆ ಎಂಬ ಮಾತು ಊರೂರು ತಿರುಗಿತು.

ಆಮೇಲಿನದು ಬೇಗ ಹೇಳಬಹುದು. 2014ರ ಮಾರ್ಚಿನಿಂದ 2024ರ ಜುಲೈವರೆಗೆ ಕೇಂದ್ರ ಸರ್ಕಾರ ಆರು ಕರಡು ಅಧಿಸೂಚನೆ ಹೊರಡಿಸಿತು. ಒಂದೊಂದೂ ಅಂತಿಮವಾಗದೆ ಅವಧಿ ಮುಗಿಯುವುದು, ಮತ್ತೊಂದು ಬರುವುದು ಹೀಗೆ ಹತ್ತು ವರ್ಷ ಕಳೆಯಿತು. ಆರನೆಯದರ ತಾರೀಕು 2024ರ ಜುಲೈ 31. ಅದರ ಹಿಂದಿನ ದಿನ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯ ಮೇಲೆ ಗುಡ್ಡ ಜಾರಿ ನೂರಾರು ಜನ ಸತ್ತಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ಮತ್ತೊಮ್ಮೆ ತಿರಸ್ಕರಿಸಿತು. ಈ ನಡುವೆ ಕೇರಳ ಒಂದು ಬೇರೆ ಕೆಲಸ ಮಾಡಿತ್ತು. ವಾಸದ ಜಾಗ, ತೋಟಗಳನ್ನು ಹೊರಗಿಡಬೇಕೆಂದು ತನ್ನ ಕಡೆಯಿಂದ ಪರಿಶೀಲನೆ ನಡೆಸಿ, ತನ್ನ ಪಾಲಿನ 13,108 ಚದರ ಕಿ.ಮೀ.ಯನ್ನು 9,993.7ಕ್ಕೆ ಇಳಿಸಿಕೊಂಡಿತು. ಆ ಕಡಿತ ಎಷ್ಟು ಸರಿ ಎಂಬ ವಾದ ಬೇರೆ. ಆಕಾಶದಿಂದ ಎಳೆದ ಗೆರೆಯನ್ನು ನೆಲದಲ್ಲಿ ಪ್ರಶ್ನಿಸಿ ಬದಲಿಸಬಹುದು ಎಂಬುದಂತೂ ಅಲ್ಲಿ ಸಾಬೀತಾಯಿತು. ನಾವು ಬೇಡ ಎಂದೆವು, ಹೀಗಿರಲಿ ಎಂದು ನಮ್ಮದೇ ಗೆರೆಯನ್ನು ತೋರಿಸಲಿಲ್ಲ. ಹತ್ತು ವರ್ಷಗಳಲ್ಲಿ ನಮ್ಮ 1,576 ಗ್ರಾಮಗಳಲ್ಲಿ ಜನರ ಜೊತೆಗೇ ನಡೆದು ಗಡಿ ನೋಡಬಹುದಿತ್ತು ಎಂಬ ಸಂಕಟ ನನಗಿದೆ.

ನಡೆದು ನೋಡಿದರೆ ಏನು ಕಾಣುತ್ತದೆ? ಅವತ್ತು ಬಸ್ಸಿಳಿದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಮನೆಗೆ ಹೋಗಿದ್ದೆ. ನಾಲ್ಕು ಎಕರೆ ಅಡಿಕೆ ತೋಟದ ಯಜಮಾನರು. ಫೋನಿನಲ್ಲಿ ಉಪಗ್ರಹದ ಚಿತ್ರ ತೆಗೆದು ಜಗಲಿಯ ಮೇಲಿಟ್ಟೆ. ಮನೆಯ ಹಿಂದೆಲ್ಲ ಒಂದೇ ಹಸಿರು. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟರು. "ಇದು ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ದರಕು ಇಲ್ಲಿಂದ್ಲೇ. ಇದು ಹಾಡ್ಯ, ದನ ಮೇಯೋದು. ಇದರ ಆಚೆ ಕಾನು. ಇಲ್ಲಿ ನಾವು ಕತ್ತಿ ಹಾಕಲ್ಲ." ಚಿತ್ರದಲ್ಲಿ ಮೂರಕ್ಕೂ ಒಂದೇ ಬಣ್ಣ. ಕಸ್ತೂರಿರಂಗನ್ ವರದಿಯ ಭಾಷೆಯಲ್ಲಿ ಇದ್ದ ಹೆಸರು ಎರಡೇ, ನೈಸರ್ಗಿಕ ಭೂದೃಶ್ಯ ಮತ್ತು ಸಾಂಸ್ಕೃತಿಕ ಭೂದೃಶ್ಯ. ಸೊಪ್ಪಿನ ಬೆಟ್ಟ ಯಾವುದರಲ್ಲಿ ಬರುತ್ತದೆ? ಮರ ಹುಟ್ಟಿದ್ದು ತಾನಾಗಿ, ನೂರಾರು ವರ್ಷ ಸವರಿ ಸವರಿ ಆ ರೂಪಕ್ಕೆ ತಂದದ್ದು ಮನುಷ್ಯ. ಕೊಡಗಿನ ಬಾಣೆ, ದಕ್ಷಿಣ ಕನ್ನಡದ ಕುಮ್ಕಿ, ಮರದ ನೆರಳಿನ ಕಾಫಿ ತೋಟ ಇವೂ ಹಾಗೆಯೇ. ಕಾಡಿಗೂ ಊರಿಗೂ ನಡುವೆ ಘಟ್ಟದ ಜನ ಕಟ್ಟಿಕೊಂಡ ಈ ಅರೆಬರೆಯ ನೆಲಗಳಲ್ಲೇ ಎಷ್ಟೋ ಜೀವಿಗಳು ಉಳಿದಿವೆ. ಯಾವ ನಕ್ಷೆಯಲ್ಲೂ ಅವಕ್ಕೆ ಒಂದು ಬಣ್ಣವಿಲ್ಲ.

ಮಳೆ ಸ್ವಲ್ಪ ಹೊಳವಾದಾಗ ಅವರು ಕೊಡೆ ಹಿಡಿದು, ಕಾಲಿಗೆ ಉಂಬುಳ ಹತ್ತದಂತೆ ಸುಣ್ಣ ತಂಬಾಕು ಉಜ್ಜಿಕೊಂಡು ಹೊರಟರು. ತೋಟ ದಾಟಿ, ಸಂಕ ದಾಟಿ, ಸೊಪ್ಪಿನ ಬೆಟ್ಟದ ಮೇಲಿನ ಅಂಚಿಗೆ ಬಂದೆವು. ಅಲ್ಲೊಂದು ಅಗಳು. ಅಜ್ಜನ ಕಾಲದಲ್ಲಿ ತೋಡಿಸಿದ ಆಳುದ್ದದ ಕಂದಕ, ಈಗ ಮೊಣಕಾಲಿಗೆ ಬಂದಿದೆ, ಜರೀಗಿಡ ಬೆಳೆದಿದೆ. "ಇದೇ ಗಡಿ ಮಾರಾಯ್ರೆ" ಎಂದರು. ಅದನ್ನೇ ಹಿಡಿದು ನಡೆದೆವು. ನೂರು ಹೆಜ್ಜೆ ಹೋದ ಮೇಲೆ ಹಳೆಯದೊಂದು ಹೆಮ್ಮರ ಬಿದ್ದು, ಮಣ್ಣು ಜರಿದು, ಅಗಳು ಮುಚ್ಚಿಹೋಗಿತ್ತು. ಆಚೆಯ ಬಳ್ಳಿ ಈಚೆ ಬಂದಿತ್ತು. ಈಚೆಯ ಮತ್ತಿ ಸಸಿ ಆಚೆ ಹುಟ್ಟಿತ್ತು. ಅವರು ಕೊಡೆ ಮಡಚಿ ಊರಿಕೊಂಡು ಸ್ವಲ್ಪ ಹೊತ್ತು ಸುತ್ತ ನೋಡಿದರು. ಆಮೇಲೆ ಹಿಂದಕ್ಕೆ ತಿರುಗಿ, "ಮಗನಿಗೆ ಫೋನ್ ಮಾಡಿ ಬೇಸಿಗೆಯಲ್ಲಿ ಬರೋಕೆ ಹೇಳ್ಬೇಕು. ಇದನ್ನ ಅವ್ನಿಗೆ ತೋರ್ಸಿಲ್ಲ" ಎಂದರು.